ನಾಯಿ ಅಳತೆ ಮೊದ್ಲು, ಬ್ಯಾಗು ಆಮೇಲೆ

ಹೋದ ವಾರ ಬೇಲೂರಿಂದ ನಮ್ಮ ಚಿಕ್ಕಮ್ಮನ ಸೊಸೆ ಫೋನ್ ಮಾಡಿದ್ಲು. "ಅಕ್ಕಾ, ನಮ್ಮ ನಾಯಿಮರೀನ ಫ್ಲೈಟಲ್ಲಿ ಕರ್ಕೊಂಡೋಗ್ಬೇಕು. ನೀವು ದಿಲ್ಲಿಗೆ ಕರ್ಕೊಂಡೋದ್ರಲ್ಲ, ಆ ಬ್ಯಾಗಿನ ಫೋಟೋ ಕಳ್ಸಿ, ಅದನ್ನೇ ತರಿಸ್ತೀನಿ" ಅಂದ್ಲು. ನಾನು ಫೋಟೋ ಕಳಿಸ್ಲಿಲ್ಲ. "ಮೊದ್ಲು ಟೇಪು ತಗೊಂಡು ನಿಮ್ಮ ನಾಯಿ ಅಳತೆ ತಗೊಳ್ಳವ್ವ, ಆಮೇಲೆ ಮಾತಾಡಾನ" ಅಂದೆ. ಅವ್ಳಿಗೆ ಒಂಚೂರು ಬೇಜಾರಾಯ್ತು ಅನ್ಸುತ್ತೆ, "ಆಯ್ತಕ್ಕ" ಅಂತ ಫೋನ್ ಇಟ್ಟುಬಿಟ್ಲು. ಒಂದು ಫೋಟೋ ಕಳ್ಸೋಕೂ ಇವ್ಳಿಗೆ ಬಿಂಕ ಅಂತ ಅಂದ್ಕೊಂಡಿರ್ತಾಳೆ. ಅದ್ಕೇ ಇದನ್ನ ಬರೀತಾ ಇದೀನಿ. ಅವ್ಳೂ ಓದ್ಲಿ, ನೀವೂ ಓದಿ.

ಯೋಚನೆ ಮಾಡಿ. ನನ್ನ ರವಿಕೆ ಅಳತೆ ಕೊಟ್ಟು ನಿಮಗೆ ರವಿಕೆ ಹೊಲಿಸ್ಕೊಂತೀರಾ? ಪಕ್ಕದ್ಮನೆಯವ್ರ ಕಾಲಿಗೆ ಚೆನ್ನಾಗಿ ಕಾಣ್ತು ಅಂತ ಅದೇ ನಂಬರ್ ಚಪ್ಪಲಿ ತರ್ತೀರಾ? ಇಲ್ಲ ತಾನೇ. ರವಿಕೆ ಬಿಗಿಯಾದ್ರೆ ಬಿಚ್ಚಿ ಎಸೀಬಹುದು. ನಾಯಿ ಬ್ಯಾಗ್ ಬಿಗಿಯಾದ್ರೆ ನಾಯಿ ಬಿಚ್ಕೊಂಡು ಬರೋಕಾಗಲ್ಲ. ಜಿಪ್ಪು ಇರೋದು ನಮ್ಮ ಕೈಲಿ.

ನಮ್ಮನೆ ಕೊಬ್ಬರಿ ವಿಷಯ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಗೊತ್ತಿಲ್ದವ್ರಿಗೆ ಹೇಳ್ತೀನಿ. ಕೊಬ್ಬರಿ ಅಂದ್ರೆ ನಮ್ಮತ್ತೆ ಸಾಕಿದ ಬಿಳೀ ಪಮೇರಿಯನ್ ನಾಯಿ. ಅರಸೀಕೆರೆ ಸೀಮೇಲಿ ತೆಂಗಿನ ತೋಟದವ್ರ ಮನೆ ನಾಯಿಗೆ ಇನ್ನೇನು ಹೆಸರಿಡ್ತಾರೆ? ಮರಿಯಾಗಿದ್ದಾಗ ಸುಲಿದ ಕೊಬ್ಬರಿ ಗಿಟುಕಿನಂಗೆ ದುಂಡಗಿತ್ತು. ಮಾವ ಹೋದ್ಮೇಲೆ ಅದು ಅತ್ತೆ ಮಂಚದ ಕೆಳಗೇ ಮಲಗೋದು. ಅತ್ತೆ ಬಚ್ಚಲಿಗೆ ಎದ್ರೆ ಅದೂ ಎದ್ದು ಬಾಗಿಲಲ್ಲಿ ಕೂತಿರೋದು. ನಾದಿನಿ ದಿಲ್ಲೀಲಿ ಇರೋದು. ಅಮ್ಮನ ಮಂಡಿ ಆಪರೇಷನ್ ಅಲ್ಲೇ ಮಾಡಿಸ್ತೀನಿ, ಇನ್ಮೇಲೆ ನನ್ನತ್ರಾನೇ ಇರ್ಲಿ ಅಂತ ಪಟ್ಟು ಹಿಡಿದ್ಲು. ಅತ್ತೆ ಒಂದು ದಿನ ಪೂರ್ತಿ ಮಾತಾಡ್ಲಿಲ್ಲ. ರಾತ್ರಿ ಮುದ್ದೆ ಮುರೀತಾ ಮುರೀತಾ ಅಂದ್ರು, "ಬತ್ತೀನಿ ಅನ್ನು ಅವ್ಳಿಗೆ. ಆದ್ರೆ ಕೊಬ್ಬರೀನೂ ಬತ್ತಾಳೆ. ಅವ್ಳನ್ನ ಬುಟ್ಟು ನಾ ಬರಾಕಿಲ್ಲ."

ನೆಂಟರೆಲ್ಲ ನಕ್ಕರು. "ನಾಯಿಗೆ ಇಮಾನವಾ?" ಅಂದ್ರು. "ತೋಟದಲ್ಲಿ ಕಟ್ಟಾಕಿ, ಆಳು ಅನ್ನ ಹಾಕ್ತಾನೆ, ನಾಕು ದಿನ ಬೊಗಳಿ ಸುಮ್ಕಾಯ್ತದೆ" ಅಂದ್ರು. ನಾನೂ ಮೊದ್ಲು ಹಂಗೇ ಅಂದ್ಕೊಂಡೆ, ಸುಳ್ಳು ಹೇಳಲ್ಲ. ಆದ್ರೆ ಎಪ್ಪತ್ತೈದು ದಾಟಿದ ಹೆಂಗಸು ಹುಟ್ಟಿದೂರು, ತೋಟ, ಗಂಡ ಬದುಕಿದ ಮನೆ ಎಲ್ಲ ಬಿಟ್ಟು ಭಾಷೆ ಬರ್ದಿರೋ ಊರಿಗೆ ಹೋಗೋಕೆ ಒಪ್ಕೊಂಡು ಕೇಳಿದ್ದು ಒಂದೇ ಒಂದು. ಅದನ್ನೂ ಇಲ್ಲ ಅಂದ್ರೆ ನಾವು ಎಂಥ ಮಕ್ಕಳು, ಎಂಥ ಸೊಸೇರು? ಕರ್ಕೊಂಡೋಗದು ಅಂತ ತೀರ್ಮಾನ ಆಯ್ತು. ಬ್ಯಾಗ್ ತರೋ ಕೆಲ್ಸ ನನ್ನ ತಲೆಗೆ ಬಂತು.

ನಾನು ಮಾಡಿದ್ದೇನು ಗೊತ್ತಾ? ಇವತ್ತು ಚಿಕ್ಕಮ್ಮನ ಸೊಸೆ ಮಾಡೋಕೆ ಹೊರಟಿದ್ಳಲ್ಲ, ಅದನ್ನೇ. ಮೊಬೈಲಲ್ಲಿ ಚಿತ್ರ ನೋಡಿ ತರಿಸ್ದೆ. ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಗು, ಮುಂದ್ಗಡೆ ಗಾಜಿನಂಥ ಪ್ಲಾಸ್ಟಿಕ್ಕು ಗುಂಡಗೆ ಉಬ್ಬಿಕೊಂಡಿರುತ್ತೆ, ಒಳಗಿಂದ ನಾಯಿ ಇಣುಕಿ ನೋಡುತ್ತೆ. ನೋಡೋಕೆ ಭಾರೀ ಮುದ್ದು. ಗುಲಾಬಿ ಬಣ್ಣ ಬೇರೆ. ಅಕ್ಕಪಕ್ಕದವ್ರೆಲ್ಲ ಬಂದು ನೋಡಿ ಫೋಟೋ ಹಿಡ್ಕೊಂಡೋದ್ರು. ಗಾಳಿಗೆ ಅಂತ ಎರಡು ಪಕ್ಕಕ್ಕೂ ಮೂರು ಮೂರು ಸಣ್ಣ ತೂತು ಇದ್ವು. ಅಷ್ಟು ಸಾಕು ಅಂದ್ಕೊಂಡೆ.

ಏಪ್ರಿಲಲ್ಲಿ ಬೇಲೂರಿನ ಚಿಕ್ಕಮ್ಮನ ಮನೇಲಿ ಗೃಹಪ್ರವೇಶ ಇತ್ತು. ಬ್ಯಾಗಿಗೆ ರೂಢಿ ಆಗ್ಲಿ ಅಂತ ಕೊಬ್ಬರೀನ ಅದ್ರಲ್ಲೇ ಕೂರಿಸ್ಕೊಂಡು ಹೊರಟ್ವಿ. ಹಳೇಬೀಡಲ್ಲಿ ಕಾರ್ ನಿಲ್ಸಿದ್ವಿ. ಮಕ್ಕಳು ದೇವಸ್ಥಾನ ನೋಡ್ತೀವಿ ಅಂತ ಇವ್ರ ಜೊತೆ ಒಳಗೆ ಹೋದ್ರು. ನಾನೂ ಅತ್ತೇನೂ ಮರದ ಕೆಳಗೆ ಕಟ್ಟೆ ಮೇಲೆ ಕೂತು ಎಳನೀರು ಕುಡೀತಾ ಇದ್ವಿ. ಬ್ಯಾಗ್ ಪಕ್ಕದಲ್ಲೇ ಇತ್ತು. ಮರದ ನೆರಳು ಸರಿದು ಬಿಸಿಲು ಬ್ಯಾಗಿನ ಪ್ಲಾಸ್ಟಿಕ್ಕಿನ ಮೇಲೆ ಬಿದ್ದಿದ್ದು ಇಬ್ರಿಗೂ ಗೊತ್ತಾಗ್ಲಿಲ್ಲ. ಹತ್ತು ನಿಮಿಷ ಇರಬಹುದು, ಹೆಚ್ಚಿಲ್ಲ. ಅತ್ತೆ ಒಂದ್ಸಲ ತಿರುಗಿ ನೋಡಿ, "ಲೇ, ಪ್ಲಾಸ್ಟಿಕ್ಕೆಲ್ಲ ಬೆವತದಲ್ಲೇ" ಅಂದ್ರು. ಒಳಗಡೆ ಆವಿ ಕಟ್ಟಿ ಬೆಳ್ಳಗಾಗಿತ್ತು. ಜಿಪ್ ಎಳೆದ್ರೆ ನಾಯಿ ನಾಲಿಗೆ ಗೇಣುದ್ದ ಹೊರಗೆ, ಜೊಲ್ಲು ಸುರೀತಾ ಇತ್ತು. ಎತ್ತಿ ನಿಲ್ಲಿಸಿದ್ರೆ ಹಿಂಗಾಲು ಮಡಚ್ಕೊಂಡು ಕೂತುಬಿಡ್ತು.

ಎಳನೀರು ಮಾರೋ ಅಣ್ಣ ತನ್ನ ಬಕೇಟು ನೀರು ತಂದು ಕೊಟ್ಟ. ಹೊಟ್ಟೆಗೆ, ಪಾದಕ್ಕೆ, ಕಿವಿಗೆ ನೀರು ಹಚ್ಚಿ ನನ್ನ ಸೆರಗಲ್ಲೇ ಗಾಳಿ ಹಾಕಿದ್ವಿ. ದನದ ಡಾಕ್ಟ್ರ ಹತ್ರ ಓಡಿದ್ವಿ. ಜ್ವರ ನೋಡಿದ್ರೆ 105. ನಾಯಿಗೆ 101ರಿಂದ 102.5 ಇದ್ರೆ ಸರಿ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟ್ರು. ಅವ್ರೇ ಹೇಳಿದ್ದು, ನಾಯಿ ನಮ್ಮಂಗೆ ಮೈಯೆಲ್ಲ ಬೆವರಲ್ಲ, ಪಾದದಲ್ಲಿ ಒಂಚೂರು ಅಷ್ಟೆ. ತೇಕಿ ತೇಕಿ ಬಾಯಿಂದ ಬಿಸಿ ಹೊರಗೆ ಹಾಕಬೇಕು. ಅದು ಬಿಟ್ಟ ಬಿಸಿಗಾಳಿ ಆ ಬ್ಯಾಗಿನೊಳಗೇ ಸುತ್ತುತಾ ಇದ್ರೆ, ತಾನು ಬಿಟ್ಟ ಬಿಸೀನೇ ತಾನು ಉಸಿರಾಡಬೇಕು. ಅತ್ತೆ ಡಾಕ್ಟ್ರ ಮೇಜಿನ ಪಕ್ಕ ನಿಂತು ಒಂದು ಕೈಲಿ ನಾಯಿ ತಲೆ ಹಿಡ್ಕೊಂಡು ಅಳ್ತಾ ಇದ್ರು. ಮಾವ ಹೋದ ದಿನಾನೂ ಅವ್ರು ಅಷ್ಟು ಜೋರಾಗಿ ಅತ್ತಿರಲಿಲ್ಲ. ಗೃಹಪ್ರವೇಶಕ್ಕೆ ನಾವು ಊಟ ಮುಗಿದ ಮೇಲೆ ಹೋಗಿ ಸೇರಿದ್ದು.

ಬ್ಯಾಗ್ ಮಾಡಿದವ್ರನ್ನ ಬೈಯಬಹುದು. ಆದ್ರೆ ತಪ್ಪು ನಂದೇ ಜಾಸ್ತಿ. ನಾನು ನೋಡಿದ್ದು ನನ್ನ ಕಣ್ಣಿಗೆ ಹೆಂಗೆ ಕಾಣುತ್ತೆ ಅಂತ. ಒಳಗೆ ಕೂರೋರು ಯಾರು ಅಂತ ನೋಡ್ಲಿಲ್ಲ. ಅತ್ತೆ ಬೈಲಿಲ್ಲ, ಆದ್ರೆ ವಾಪಸ್ ಬರುವಾಗ ಕಾರಲ್ಲಿ ಒಂದು ಮಾತು ಹೇಳಿದ್ರು. "ಸಂತೆಗೆ ಕೋಳಿ ಒಯ್ಯುವಾಗ ನಮ್ಮವ್ವ ಬಿದಿರು ಕುಕ್ಕೇಲಿ ಒಯ್ಯೋಳು, ಯಾವತ್ತೂ ಡಬ್ಬದಲ್ಲಿ ಒಯ್ಯಲಿಲ್ಲ. ಕುಕ್ಕೇಲಿ ಎಲ್ಲ ಕಡೆಯಿಂದ್ಲೂ ಗಾಳಿ ಆಡ್ತದೆ. ಕೋಳಿ ಎದ್ದು ತಿರುಗಿ ಕೂರೋ ಅಷ್ಟು ಜಾಗ ಇರ್ಬೇಕು, ಬಿದ್ದು ಉಳ್ಳಾಡೋ ಅಷ್ಟು ಇರ್ಬಾರ್ದು." ಆಮೇಲೆ ನಾನು ಎಷ್ಟೋ ಓದ್ದೆ, ಎಷ್ಟೋ ಜನನ್ನ ಕೇಳ್ದೆ. ಎಲ್ಲ ಸೇರಿಸಿದ್ರೂ ಅತ್ತೆ ಅವತ್ತು ಹೇಳಿದ್ದಕ್ಕಿಂತ ಹೆಚ್ಚೇನಿಲ್ಲ.

ಈಗ ಅಳತೆಗೆ ಬರಾನ. ವಿಮಾನ ಕಂಪನಿಗಳೆಲ್ಲ ಸೇರಿ ಮಾಡ್ಕೊಂಡಿರೋ ಐಯಾಟಾ ಅನ್ನೋ ಒಂದು ಸಂಘ ಐತೆ. ಪ್ರಾಣಿ ಸಾಗಿಸೋಕೆ ಅವ್ರದ್ದೊಂದು ನಿಯಮದ ಪುಸ್ತಕ. ಅದ್ರಲ್ಲಿ ನಾಕು ಅಳತೆ ಹೇಳ್ತಾರೆ, ಟೈಲರ್ ಟೇಪು ಸಾಕು. ನಾಯೀನ ನಿಲ್ಲಿಸಿ. ಒಂದು, ಮೂಗಿನ ತುದಿಯಿಂದ ಬಾಲ ಶುರುವಾಗೋ ಜಾಗದ ತನಕ ಉದ್ದ. ಬಾಲ ಸೇರಿಸಬೇಡಿ. ಎರಡು, ನೆಲದಿಂದ ಮುಂಗಾಲಿನ ಮೊಣಕೈ ತನಕ. ಮೂರು, ಭುಜದ ಅಗಲ. ನಾಕು, ನೆಲದಿಂದ ತಲೆ ನೆತ್ತಿ ತನಕ, ಕಿವಿ ನೆಟ್ಟಗೆ ನಿಲ್ಲೋ ನಾಯಿಯಾದ್ರೆ ಕಿವಿ ತುದಿ ತನಕ. ಪೆಟ್ಟಿಗೆ ಉದ್ದ ಎಷ್ಟಿರ್ಬೇಕು ಅಂದ್ರೆ ಮೊದಲ್ನೇ ಅಳತೆಗೆ ಎರಡನೇದರ ಅರ್ಧ ಕೂಡಿಸಬೇಕು. ಅಗಲ ಅಂದ್ರೆ ಭುಜದ ಎರಡರಷ್ಟು. ಎತ್ತರ ಅಂದ್ರೆ ನಾಕನೇ ಅಳತೆ, ಅದ್ರ ಮೇಲೆ ಹಾಸಿಗೆ ದಪ್ಪ.

ಕೊಬ್ಬರಿಗೆ ಉದ್ದ 15 ಇಂಚು, ಮೊಣಕೈ 6, ಭುಜ 5, ಕಿವಿ ತನಕ 11. ಲೆಕ್ಕ ಹಾಕಿದ್ರೆ ಪೆಟ್ಟಿಗೆ 18 ಇಂಚು ಉದ್ದ, 10 ಅಗಲ, 11ರ ಮೇಲೆ ಹಾಸಿಗೆ ಸೇರಿ 12 ಎತ್ತರ. ನಾನು ಮೊದ್ಲು ತರಿಸಿದ್ದ ಗುಲಾಬಿ ಬ್ಯಾಗಿನ ತಳ ಅಳೆದೆ. 12 ಇಂಚು ಉದ್ದ ಇತ್ತು, ಅಷ್ಟೆ. ಹಳೇಬೀಡಲ್ಲಿ ಬಿಸಿಲು ಬೀಳದಿದ್ರೂ ಆ ನಾಯಿ ಅದ್ರಲ್ಲಿ ಕಾಲು ಚಾಚಿ ಮಲಗೋಕೆ ಆಗ್ತಿರಲಿಲ್ಲ. ದಾರಿಯುದ್ದಕ್ಕೂ ಕೂತೇ ಇರಬೇಕಿತ್ತು.

ತೂಕಾನೂ ನೋಡ್ಬೇಕು. ವಿಮಾನದವ್ರು ನಾಯಿ ತೂಕ ಬೇರೆ, ಬ್ಯಾಗ್ ತೂಕ ಬೇರೆ ಅಂತ ನೋಡಲ್ಲ, ಎರಡೂ ಸೇರಿಸಿ ನೋಡ್ತಾರೆ. ಅಕಾಸ ಏರ್ ಅವ್ರು 2022ರ ನವೆಂಬರ್ 1ರಿಂದ ನಾಯಿ ಬೆಕ್ಕು ಕರ್ಕೊಂಡೋಗೋಕೆ ಶುರು ಮಾಡಿದಾಗ ಒಳಗಡೆ ಕೂರ್ಸೋಕೆ 7 ಕೆಜಿ ಮಿತಿ ಇಟ್ಟಿದ್ರು. ಏರ್ ಇಂಡಿಯಾದಲ್ಲೂ ಸಣ್ಣ ನಾಯೀನ ಒಳಗೆ ಬಿಡ್ತಾರೆ. ಇಂಡಿಗೋದಲ್ಲಿ ಕುರುಡರಿಗೆ ಸಹಾಯ ಮಾಡೋ ಅಂಥ ನಾಯಿ ಬಿಟ್ರೆ ಸಾಕಿದ ನಾಯಿ ಒಯ್ಯೋ ಹಂಗಿಲ್ಲ. ಈ ನಿಯಮ, ಕೆಜಿ, ಇಂಚು ಎಲ್ಲ ಆಗಾಗ ಬದಲಾಗ್ತವೆ. ನಾನು ಬರ್ದಿದ್ದು ನೋಡಿ ಟಿಕೆಟ್ ತಗೋಬೇಡಿ. ಟಿಕೆಟ್‌ಗೆ ಮುಂಚೆ ಫೋನ್ ಮಾಡಿ, ಬ್ಯಾಗು ಎಷ್ಟು ಉದ್ದ ಎಷ್ಟು ಅಗಲ ಎಷ್ಟು ಎತ್ತರ ಇರಬಹುದು, ತೂಕ ಎಷ್ಟು ಅಂತ ಕೇಳಿ, ಇಮೇಲಲ್ಲಿ ಬರ್ಸಿಕೊಳ್ಳಿ. ಒಂದು ವಿಮಾನಕ್ಕೆ ಇಷ್ಟೇ ನಾಯಿ ಅಂತ ಲೆಕ್ಕ ಇರುತ್ತೆ, ಅದ್ಕೆ ನಾಯಿ ಜಾಗ ಖಾತ್ರಿ ಮಾಡ್ಕೊಂಡೇ ದುಡ್ಡು ಕಟ್ಟಿ.

ನಮ್ಮನೇಲಿ ತೂಕ ನೋಡಿದ್ದು ಕೊಬ್ಬರಿ ಮಂಡಿ ತಕ್ಕಡೀಲಿ. ಇವ್ರು ನಾಯೀನ ಎತ್ಕೊಂಡೋಗಿ ತಕ್ಕಡಿ ಮೇಲೆ ನಿಲ್ಲಿಸಿದ್ರೆ ಅಲ್ಲಿದ್ದ ಹುಡುಗ, "ಸಾರ್, ಈ ಕೊಬ್ಬರಿಗೆ ಏನ್ ರೇಟು?" ಅಂದ್ನಂತೆ. 4 ಕೆಜಿ 300 ಗ್ರಾಂ. ಹಂಗಾದ್ರೆ ಬ್ಯಾಗು ಒಂದು ಕೆಜಿ ಆಸುಪಾಸಲ್ಲಿ ಇರ್ಬೇಕು. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಸುಮ್ನೆ ಭಾರ, ಅದೂ ಅಲ್ದೆ ಸೀಟಿನ ಕೆಳಗೆ ತೂರಲ್ಲ. ಸೀಟಿನ ಕೆಳಗೆ ಇಡೋದಾದ್ರೆ ಬಟ್ಟೆ ಬ್ಯಾಗು, ವಿಮಾನದ ಹೊಟ್ಟೇಲಿ ಸಾಮಾನಿನ ಜೊತೆ ಹೋಗೋದಾದ್ರೆ ಗಟ್ಟಿ ಪೆಟ್ಟಿಗೆ. ಇದನ್ನ ಅದಲು ಬದಲು ಮಾಡಬೇಡಿ. ಬಟ್ಟೆ ಬ್ಯಾಗನ್ನ ಸಾಮಾನಿನ ಜೊತೆ ಇಟ್ರೆ ಮೇಲೊಂದು ಸೂಟ್‌ಕೇಸ್ ಬಿದ್ರೆ ಮುಗೀತು.

ಸೀಟಿನ ಕೆಳಗೆ ತೂರ್ಬೇಕು ಅಂತ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, 2018ರ ಮಾರ್ಚಲ್ಲಿ ಅಮೆರಿಕದಲ್ಲಿ ಒಂದು ವಿಮಾನದಲ್ಲಿ ಬ್ಯಾಗು ಹಾದಿಗೆ ಅಡ್ಡ ಬಂತು ಅಂತ ನಾಯಿಮರಿ ಇದ್ದ ಬ್ಯಾಗನ್ನ ಮೇಲಿನ ಸಾಮಾನು ಗೂಡಲ್ಲಿ ಇಡ್ಸಿದ್ರು. ಹ್ಯೂಸ್ಟನ್ನಿಂದ ನ್ಯೂಯಾರ್ಕಿಗೆ ಹೋಗೋದ್ರೊಳಗೆ ಹತ್ತು ತಿಂಗಳ ಮರಿ ಸತ್ತೋಯ್ತು. ತಾಯಿ ಜೊತೆ ಸಣ್ಣ ಮಕ್ಕಳೂ ಇದ್ವು. ನಮ್ಮ ಬ್ಯಾಗ್ ಸರಿಯಾದ ಅಳತೇದು ಇದ್ರೆ, "ನೋಡಿ, ನಿಮ್ಮ ಅಳತೆ ಇದು, ಕೆಳಗೇ ಇಡ್ತೀನಿ" ಅಂತ ಗಟ್ಟಿಯಾಗಿ ಹೇಳಬಹುದು. ಯಾರೇ ಹೇಳ್ಲಿ, ಯಾವ ಬಟ್ಟೆ ಹಾಕ್ಕೊಂಡವ್ರೇ ಹೇಳ್ಲಿ, ಉಸಿರಾಡೋ ಜೀವಾನ ಮೇಲಿನ ಗೂಡಿಗೆ ಇಡಬೇಡಿ.

ಅದು ಸತ್ತ ಮರಿ ಚಪ್ಪಟೆ ಮೂಗಿನ ಜಾತೀದು. ಈಗ ನಮ್ಮೂರಲ್ಲೂ ಮನೆಮನೇಲಿ ಪಗ್ಗು, ಶಿಟ್ಜು ಸಾಕ್ತಾ ಇದಾರೆ. ಆ ಮುದ್ದು ಮೂತಿ ಒಳಗೆ ಉಸಿರಿನ ದಾರಿ ಇಕ್ಕಟ್ಟು. ಮನೇಲೇ ಗೊರಕೆ ಹೊಡೆಯೋ ನಾಯಿಗೆ ಸೆಕೆ, ಗಾಬರಿ ಎರಡೂ ಸೇರಿದ್ರೆ ತಡ್ಕೊಳಲ್ಲ. ಅಮೆರಿಕ ಸರ್ಕಾರದವ್ರು 2010ರಲ್ಲಿ ಲೆಕ್ಕ ಕೊಟ್ಟಿದ್ರು. ಐದು ವರ್ಷದಲ್ಲಿ ವಿಮಾನದ ಸಾಮಾನು ಕೋಣೇಲಿ 122 ನಾಯಿ ಸತ್ತಿದ್ವು, ಅದ್ರಲ್ಲಿ ಹತ್ತತ್ರ ಅರ್ಧ ಚಪ್ಪಟೆ ಮೂಗಿನವೇ. ಸಾಮಾನು ಕೋಣೇಲೂ ಗಾಳಿಯ ಒತ್ತಡ ಸರಿ ಇರುತ್ತೆ, ನಿಜ. ಆದ್ರೆ ಹತ್ತಿಸೋಕೆ ಮುಂಚೆ, ಇಳಿಸಿದ ಮೇಲೆ ಬಿಸಿಲಲ್ಲಿ ಕಾಯೋ ಹೊತ್ತಿಗೆ ಯಾರು ಹೊಣೆ? ಚಪ್ಪಟೆ ಮೂಗಿನ ನಾಯಿಗೆ ಅಳತೆಗಿಂತ ಹತ್ತು ಪರ್ಸೆಂಟ್ ದೊಡ್ಡ ಪೆಟ್ಟಿಗೆ ಬೇಕು ಅಂತ ಅದೇ ಐಯಾಟಾ ನಿಯಮ ಹೇಳುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಅಂಥ ನಾಯೀನ ಸಾಮಾನಿನ ಜೊತೆ ಕಳಿಸೋದೇ ಬೇಡ. ಒಳಗೆ ಕೂರಿಸೋಕಾದ್ರೆ ಕರ್ಕೊಂಡೋಗಿ, ಆಗದಿದ್ರೆ ರೈಲೋ ಕಾರೋ ನೋಡಿ.

ಅಳತೆ ಸರಿ ಇದ್ದ ಮೇಲೆ ಬ್ಯಾಗಲ್ಲಿ ಇನ್ನೇನು ನೋಡ್ಬೇಕು? ನಾನು ಎರಡನೇ ಸಲ ಹಾಸನಕ್ಕೆ ಹೋಗಿ ಅಂಗಡೀಲಿ ಕೈಲಿ ಮುಟ್ಟಿ ತಂದೆ. ಮುಂದೆ, ಹಿಂದೆ, ಎರಡು ಪಕ್ಕ, ನಾಕೂ ಕಡೆ ಬಲೆ ಇರ್ಬೇಕು. ಕಾಲಿನ ಹತ್ರ ಇಟ್ಟಾಗ ಒಂದು ಕಡೆ ಬಲೆ ನಮ್ಮ ಕಾಲಿಗೆ, ಇನ್ನೊಂದು ಕಡೇದು ಗೋಡೆಗೆ ಮುಚ್ಚಿ ಹೋಗುತ್ತೆ, ಉಳಿದ ಕಡೆಯಿಂದಾದ್ರೂ ಗಾಳಿ ಬರ್ಲಿ. ಬಲೆ ಉಗುರಲ್ಲಿ ಕೆರೆದು ನೋಡಿ. ಸೊಳ್ಳೆಪರದೆ ಥರ ತೆಳ್ಳಗಿದ್ರೆ ನಾಯಿ ಅರ್ಧ ಗಂಟೇಲಿ ಹರ್ದಾಕುತ್ತೆ. ತಳ ಗಟ್ಟಿ ಇರ್ಬೇಕು. ಎತ್ತಿ ಹಿಡಿದ್ರೆ ಜೋಳಿಗೆಯಂಗೆ ಮಧ್ಯ ಇಳಿಬಿದ್ರೆ ಬೇಡ. ನಾಯಿಗೆ ಕಾಲಿನ ಕೆಳಗೆ ನೆಲ ಅಲ್ಲಾಡಿದ್ರೇ ಅರ್ಧ ಭಯ. ಹಾಸು ಹೊರಗೆ ತೆಗೆದು ಒಗೆಯೋ ಹಂಗಿರ್ಬೇಕು. ಅದ್ರ ಮೇಲೆ ನಾನು ಕೂಸುಗಳ ಕೆಳಗೆ ಹಾಸೋ ಹೀರುಪ್ಯಾಡು ಹಾಕಿದ್ದೆ, ಒಂದು ಹೆಚ್ಚಿಗೆ ಕೈಚೀಲದಲ್ಲಿ ಇಟ್ಕೊಂಡಿದ್ದೆ. ಜಿಪ್ಪು ಒಳಗಿಂದ ಮೂತೀಲಿ ತಳ್ಳಿದ್ರೆ ತೆಗೆಯೋ ಹಂಗಿರ್ಬಾರ್ದು. ಎರಡು ಜಿಪ್ಪಿನ ತುದಿ ಸೇರಿಸಿ ಸಿಕ್ಕಿಸೋ ಕೊಕ್ಕೆ ಇದ್ರೆ ಒಳ್ಳೇದು.

ಒಂದು ವಿಷಯ ಯಾರೂ ಹೇಳಲ್ಲ. ಬ್ಯಾಗು ಮೇಲ್ಗಡೆಯಿಂದ್ಲೂ ತೆಗೆಯೋ ಹಂಗಿರ್ಬೇಕು. ಯಾಕಂದ್ರೆ ವಿಮಾನ ನಿಲ್ದಾಣದ ತಪಾಸಣೇಲಿ ನಾಯೀನ ಹೊರಗೆ ತೆಗೀಬೇಕು. ಖಾಲಿ ಬ್ಯಾಗು ಎಕ್ಸ್‌ರೇ ಮಿಷಿನ್ನೊಳಗೆ ಹೋಗುತ್ತೆ, ನಾಯಿ ನಮ್ಮ ಕೈಲಿ. ಮುಂದ್ಗಡೆ ಬಾಗಿಲು ಮಾತ್ರ ಇದ್ರೆ ಹೆದರಿದ ನಾಯಿ ಹಿಂದಕ್ಕೆ ಸರಿದು ಮೂಲೇಲಿ ಮುದುರ್ಕೊಂಡು ಬರೋದೇ ಇಲ್ಲ, ಹಿಂದೆ ಇರೋರೆಲ್ಲ ಲೊಚ್‌ಗುಡ್ತಾರೆ. ಮೇಲಿಂದ ಆದ್ರೆ ಎರಡು ಕೈ ಹಾಕಿ ಕೂಸೆತ್ತಿದಂಗೆ ಎತ್ಕೋಬಹುದು. ಕೊರಳಪಟ್ಟಿ ಒಂದೇ ನಂಬಬೇಡಿ, ಎದೆಗೆ ಕಟ್ಟೋ ಪಟ್ಟಿ ಹಾಕಿ ಹಗ್ಗ ಕೈಗೆ ಸುತ್ಕೊಂಡೇ ಹೊರಗೆ ತೆಗೀರಿ. ಅಷ್ಟು ಜನದ ಮಧ್ಯೆ ನಾಯಿ ತಪ್ಪಿಸ್ಕೊಂಡ್ರೆ ಹುಡುಕೋಕಾಗುತ್ತಾ?

ಇಷ್ಟಾದ್ರೂ ಬ್ಯಾಗು ತಂದ ಮಾರನೇ ದಿನಾನೇ ಹೊರಡೋದಾದ್ರೆ ಎಲ್ಲ ನೀರಲ್ಲಿ ಹೋಮ ಮಾಡಿದಂಗೆ. ಒಂದು ತಿಂಗಳು ಮುಂಚೆ ತನ್ನಿ. ನಮ್ಮನೇಲಿ ಬ್ಯಾಗಿನ ಬಾಗಿಲು ತೆಗೆದು ಅತ್ತೆ ಮಂಚದ ಕೆಳಗೆ ಇಟ್ವಿ. ಮೊದಲ ಮೂರು ದಿನ ಕೊಬ್ಬರಿ ಅದ್ರ ಕಡೆ ತಿರುಗಿ ನೋಡ್ಲಿಲ್ಲ, ಗುಲಾಬಿ ಬ್ಯಾಗಿನ ನೆಪ್ಪು ಇನ್ನೂ ಇತ್ತು ಅದ್ಕೆ. ಅತ್ತೆ ತಮ್ಮ ಹಳೇ ನೂಲಿನ ಸೀರೆ ಒಂದನ್ನ ಮಡಚಿ ಒಳಗೆ ಹಾಸಿದ್ರು. ಒಗೆದಿದ್ದಲ್ಲ, ಉಟ್ಟು ಬಿಚ್ಚಿದ್ದು. ನಾಕನೇ ದಿನ ಬೆಳಗ್ಗೆ ನೋಡಿದ್ರೆ ಒಳಗೆ ಮಲಗಿತ್ತು. ಆಮೇಲೆ ಊಟ ಒಳಗೆ ಕೊಟ್ವಿ. ಆಮೇಲೆ ಜಿಪ್ಪು ಎಳೆದು ಎರಡು ನಿಮಿಷ, ಐದು ನಿಮಿಷ, ಅರ್ಧ ಗಂಟೆ. ಆಮೇಲೆ ಬ್ಯಾಗ್ ಹೊತ್ಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂತ್ವಿ. ಅರಸೀಕೆರೆ ಜಂಕ್ಷನ್ನಲ್ಲಿ ಗದ್ದಲಕ್ಕೇನು ಕಮ್ಮಿ? ಇಂಜಿನ್ ಕೂಗು, ಮೈಕು, ಕಾಫಿ ಟೀ ಕೂಗೋರು, ಟ್ರಾಲಿ ಗಡಗಡ. ವಿಮಾನ ನಿಲ್ದಾಣದ ಸದ್ದಿಗೆ ಅದೇ ಅಭ್ಯಾಸ ಆಯ್ತು. ನಾಕು ಸಲ ಹೋಗೋ ಹೊತ್ತಿಗೆ ಕೊಬ್ಬರಿ ಒಳಗೇ ತೂಕಡಿಸ್ತಾ ಇತ್ತು.

"ಇಷ್ಟೆಲ್ಲ ಯಾಕೆ, ಒಂದು ನಿದ್ದೆ ಮಾತ್ರೆ ಕೊಟ್ರೆ ಆಯ್ತಲ್ಲ" ಅಂತ ನಂಗೆ ಮೂರು ಜನ ಹೇಳಿದ್ರು. ಕೊಡಬೇಡಿ. ಡಾಕ್ಟ್ರನ್ನ ಕೇಳಿದ್ರೆ ಅವ್ರೂ ಬೇಡ ಅಂದ್ರು. ಮತ್ತು ಬಂದ ನಾಯಿಗೆ ಮೈ ಬಿಸಿ ಹಿಡಿತ ತಪ್ಪುತ್ತೆ, ಉಸಿರು ನಿಧಾನ ಆಗುತ್ತೆ, ತಲೆ ವಾಲಿ ಮೂತಿ ಹಾಸಿಗೇಲಿ ಹೂತ್ಕೊಂಡ್ರೂ ಎತ್ಕೊಳ್ಳೋಕೆ ಬರಲ್ಲ. ಐಯಾಟಾದವ್ರೂ ಬೇಡ ಅಂತಾನೇ ಹೇಳ್ತಾರೆ. ನಿದ್ದೆ ಮಾತ್ರೆ ಕೊಡೋದು ನಾಯಿ ನೆಮ್ಮದಿಗಲ್ಲ, ನಮ್ಮ ನೆಮ್ಮದಿಗೆ. ನಾಯಿಗೆ ನೆಮ್ಮದಿ ಬೇಕು ಅಂದ್ರೆ ಒಂದು ತಿಂಗಳು, ಒಂದು ಹಳೇ ಸೀರೆ ಸಾಕು.

ಹೊರಡೋ ದಿನದ್ದು ಜಾಸ್ತಿ ಹೇಳೋದಿಲ್ಲ. ರೇಬಿಸ್ ಸೂಜಿ ಹಾಕಿಸಿದ ಪುಸ್ತಕ, ಪ್ರಯಾಣ ಮಾಡಬಹುದು ಅಂತ ಡಾಕ್ಟ್ರು ಬರೆದ ಚೀಟಿ, ವಿಮಾನದವ್ರ ಇಮೇಲು, ಎಲ್ಲಾದ್ರದ್ದೂ ಎರಡೆರಡು ಜೆರಾಕ್ಸ್. ಹೊಟ್ಟೆ ತುಂಬ ಹಾಕ್ಲಿಲ್ಲ, ಐದಾರು ಗಂಟೆ ಮುಂಚೆ ಒಂದು ಹಿಡಿ ಮೊಸರನ್ನ. ನೀರು ಮಾತ್ರ ಆಗಾಗ ಸ್ವಲ್ಪ ಸ್ವಲ್ಪ. ಬೆಂಗಳೂರಿಗೆ ರಾತ್ರಿ ತಂಪಿನಲ್ಲೇ ಕಾರಲ್ಲಿ ಹೋದ್ವಿ, ಬೆಳಗಿನ ಮೊದಲನೇ ವಿಮಾನ ತಗೊಂಡಿದ್ವಿ. ಒಳಗೆ ಹೋಗೋಕೆ ಮುಂಚೆ ಹೊರಗಡೆ ಗಿಡದತ್ರ ಒಂದಕ್ಕೆ ಎರಡಕ್ಕೆ ಎಲ್ಲ ಮಾಡ್ಸಿದ್ವಿ. ಕೌಂಟರಲ್ಲಿ ಆ ಹುಡುಗಿ ಬ್ಯಾಗನ್ನ ಅಳೆದ್ಲು, ತೂಕ ಹಾಕಿದ್ಲು. 5 ಕೆಜಿ 400. ಅಲ್ಲೇ ಪಕ್ಕದಲ್ಲಿ ಇನ್ನೊಬ್ರು ತಮ್ಮ ನಾಯಿ ಬ್ಯಾಗು ದೊಡ್ಡದಾಯ್ತು ಅಂತ ಜಗಳ ಆಡ್ತಾ ಇದ್ರು. ಅವ್ರನ್ನ ನೋಡಿ ನಂಗೆ ನಗು ಬರ್ಲಿಲ್ಲ. ನಾನೂ ಗುಲಾಬಿ ಬ್ಯಾಗ್ ತಗೊಂಡು ಬಂದಿದ್ರೆ ಅಲ್ಲೇ ನಿಂತಿರ್ತಿದ್ದೆ.

ವಿಮಾನ ಮೇಲೆ ಏಳುವಾಗ ಒಂದ್ಸಲ ಕುಂಯ್ ಅಂತು. ಅತ್ತೆ ಬಗ್ಗಿ ಬಲೆಗೆ ಬೆರಳು ಒತ್ತಿ ಹಿಡಿದ್ರು. ಬೆರಳು ನೆಕ್ಕಿ ಸುಮ್ಕಾಯ್ತು. ಮಂಡಿ ನೋವಿದ್ದ ಹೆಂಗಸು ಎರಡೂ ಮುಕ್ಕಾಲು ಗಂಟೆ ಬಗ್ಗೇ ಕೂತಿದ್ರು. ತಮಗೆ ಮೊದಲನೇ ವಿಮಾನ ಅನ್ನೋದೇ ಅವ್ರಿಗೆ ಮರ್ತೋಗಿತ್ತು.

ಎಲ್ಲಾ ನಾಯಿಗೂ ವಿಮಾನ ಆಗಿಬರಲ್ಲ ಅನ್ನೋದೂ ಹೇಳ್ಬೇಕು. ವಯಸ್ಸಾಗಿ ಎದೆ ಬಡಿತ ಸರಿ ಇಲ್ದಿರೋದು, ಗಬ್ಬದ ನಾಯಿ, ತೀರಾ ಎಳೇ ಮರಿ, ತೂಕ ಮೀರಿದ್ದು, ಇವನ್ನ ತುರುಕೋಕೆ ಹೋಗಬೇಡಿ. ತೂಕ ಕಮ್ಮಿ ಮಾಡೋಕೆ ವಾರಗಟ್ಲೆ ಉಪವಾಸ ಕೆಡವಿದವ್ರ ಕತೆ ಕೇಳಿದೀನಿ, ಅದು ಪಾಪದ ಕೆಲ್ಸ. ರೈಲಲ್ಲಿ ಫಸ್ಟ್ ಏಸೀಲಿ ಪೂರ್ತಿ ಕೂಪೆ ತಗೊಂಡ್ರೆ ನಾಯಿ ನಮ್ಮ ಜೊತೆಗೇ ಬರಬಹುದು. ದುಡ್ಡು ಜಾಸ್ತಿ, ದಿಲ್ಲಿಗಾದ್ರೆ ಎರಡು ರಾತ್ರಿ. ಗಾರ್ಡಿನ ಡಬ್ಬಿಯ ನಾಯಿ ಗೂಡಲ್ಲಿ ಹಾಕೋ ಪದ್ಧತೀನೂ ಐತೆ, ಅದು ನಂಗೆ ಒಪ್ಪಿಗೆ ಇಲ್ಲ, ಎರಡು ದಿನ ಒಂಟಿಯಾಗಿ ಆ ಸದ್ದಲ್ಲಿ ಬೇಡ. ಯಾವುದೂ ಆಗದಿದ್ರೆ ಊರಲ್ಲೇ ಪ್ರೀತಿಯಿಂದ ನೋಡ್ಕೊಳ್ಳೋರ ಮನೇಲಿ ಬಿಡಿ. ಅದು ತಪ್ಪಲ್ಲ. ಅಳತೆಗೆ ಬರದ ಬ್ಯಾಗಲ್ಲಿ ಹೆಂಗೋ ಆಗುತ್ತೆ ಬಿಡು ಅಂತ ಹೊರಡೋದು ತಪ್ಪು.

"ನಾಯಿಗೆ ಇಷ್ಟೆಲ್ಲಾನಾ" ಅನ್ನೋ ಮಾತಿಗೆ ಒಂದು ಉತ್ತರ ಹೇಳಿ ಮುಗಿಸ್ತೀನಿ. ಇದೇನೋ ಪೇಟೆಯವ್ರ ಹೊಸ ಶೋಕಿ ಅಂತಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಲ್ಲಿ ಆತಕೂರಿನ ಕಲ್ಲು ಅಂತ ಒಂದು ಐತೆ, ಆ ಕಡೆ ಹೋದಾಗ ನೋಡ್ಕೊಂಡು ಬನ್ನಿ. ಆತಕೂರು ಮದ್ದೂರಿನ ಹತ್ರ. ಕ್ರಿ.ಶ. 950ರ ಆಸುಪಾಸಿಂದು, ಅಂದ್ರೆ ನಮ್ಮ ಹಳೇಬೀಡು ಬೇಲೂರಿನ ದೇವಸ್ಥಾನಕ್ಕಿಂತ ನೂರೈವತ್ತು ವರ್ಷಕ್ಕೂ ಹಳೇದು. ಕಾಳಿ ಅನ್ನೋ ನಾಯಿ ಕಾಡುಹಂದಿ ಜೊತೆ ಹೋರಾಡಿ ಎರಡೂ ಸತ್ವು. ಆ ನಾಯಿಗೆ ವೀರಗಲ್ಲು ನಿಲ್ಲಿಸಿ, ಅದ್ರ ಪೂಜೆಗೆ ಅಂತ ಭೂಮಿ ಬಿಟ್ಟಿದಾರೆ. ಕಲ್ಲಲ್ಲಿ ನಾಯೀನೂ ಹಂದೀನೂ ಕೆತ್ತಿದಾರೆ. ಸಾವಿರ ವರ್ಷದ ಹಿಂದೆ ನಮ್ಮವ್ರು ಸತ್ತ ನಾಯಿಗೆ ಹೊಲ ಕೊಟ್ಟಿದ್ರು. ನಾವು ಬದುಕಿರೋ ನಾಯಿಗೆ ಹದಿನೆಂಟು ಇಂಚು ಜಾಗ ಕೊಡೋದು ದೊಡ್ಡ ಮಾತಾ?

ಅತ್ತೆ ಮಂಡಿ ಆಪರೇಷನ್ ಆಯ್ತು, ಈಗ ಕೋಲು ಹಿಡಿದು ಓಡಾಡ್ತಾರೆ. ಬ್ಯಾಗು ಅವ್ರ ಮಂಚದ ಕೆಳಗೇ ಐತಂತೆ, ಬಾಗಿಲು ತೆಗೆದಿಟ್ಟಿರ್ತಾರೆ, ಕೊಬ್ಬರಿ ಈಗ್ಲೂ ಅದ್ರಲ್ಲೇ ಮಲಗೋದು. ಸೀರೆ ಬದ್ಲಾಯಿಸೋಕೆ ಬಿಡಲ್ವಂತೆ. ಹಂಗಾಗಿ ಬ್ಯಾಗು ಕೇಳ್ಕೊಂಡು ಬಂದ್ರೆ ನನ್ನತ್ರ ಇಲ್ಲ. ಟೈಲರ್ ಟೇಪು ಐತೆ, ತಕ್ಕಡಿಗೆ ಮಂಡೀಲಿ ಹೇಳ್ತೀನಿ. ನಾಯಿ ಎತ್ಕೊಂಡು ಬನ್ನಿ, ಕಾಫಿ ಕುಡ್ಕೊಂಡು ಅಳತೆ ತಗೊಳ್ಳಾನ. ಬೇಲೂರಿನವ್ಳೇ, ನೀನೂ ಬಾರವ್ವ. ಬೇಜಾರು ಮಾಡ್ಕೋಬೇಡ.